ನರ್ಸಮ್ಮ ಕೇಳಿದ ಕತ್ತಲೆ

ಹಂಡೆ ಒಲೆಗೆ ಹಸಿ ಸೌದೆ ತುರುಕಿ, ಊದುಗೊಳವೆ ಹಿಡಿದು, ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಕೂತಿದ್ದೆ. ಬೇಲಿಯ ಆಚೆಯಿಂದ ಪಕ್ಕದ ಮನೆಯ ನರ್ಸಮ್ಮನ ಅತ್ತಿಗೆ ಕರೆದರು. "ಒಂಚೂರು ಬಾ ಮಾರಾಯ್ತಿ. ಕಾಫಿ ತಗೊಂಡು ಹೋದೆ, ಅವಳು ಏಳ್ತಾ ಇಲ್ಲ."

ಹೋದೆ. ನರ್ಸಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದರು. ಬಲಗೈಯ ಎರಡು ಬೆರಳು ಎಡಗೈಯ ಮೊಣಕೈ ಮಡಿಕೆಯ ಮೇಲಿದ್ದವು, ನರ ಹುಡುಕುವಾಗ ಇಡುತ್ತಿದ್ದ ಹಾಗೆಯೇ. ಮುಟ್ಟಿದೆ. ತಣ್ಣಗಿತ್ತು.

ಆ ಎರಡು ಬೆರಳು ಬಣಕಲ್ ಸುತ್ತಮುತ್ತ ಎಲ್ಲರಿಗೂ ಗೊತ್ತು. ಎಸ್ಟೇಟಿನ ಆಸ್ಪತ್ರೆಯಲ್ಲಿ ಅವರು ಕೆಲಸ ಮಾಡಿದ್ದು ಹೆಚ್ಚಾಗಿ ರಾತ್ರಿ ಪಾಳಿಯಲ್ಲಿ. ರಿಟೈರ್ ಆಗಿ, ಗಂಡ ತೀರಿಕೊಂಡಿದ್ದ ಅತ್ತಿಗೆಯ ಜೊತೆ ನಮ್ಮ ಪಕ್ಕದ ಮನೆಗೆ ಬಂದ ಮೇಲೂ ಬೆರಳುಗಳ ಚಾಳಿ ಹೋಗಲಿಲ್ಲ. ಮಾತಾಡುತ್ತ ಮಾತಾಡುತ್ತ ಎದುರಿಗಿದ್ದವರ ಕೈ ಹಿಡಿದು ಮೆಲ್ಲಗೆ ತಟ್ಟುವರು. "ನಿನ್ನ ನರ ಒಳ್ಳೇದಿದೆ ಬಿಡು, ಹಗ್ಗ ಇದ್ದ ಹಾಗಿದೆ." ದಿನಸಿ ಅಂಗಡಿಯವರು ಚಿಲ್ಲರೆ ಕೊಡಲು ಕೈ ಚಾಚಿದರೆ ಅದನ್ನೂ ಬಿಟ್ಟವರಲ್ಲ.

ನನ್ನ ಮಗಳು ಚಿಕ್ಕವಳಿದ್ದಾಗ ನ್ಯುಮೋನಿಯಾ ಆಗಿ, ಅದೇ ಆಸ್ಪತ್ರೆಯಲ್ಲಿ ಚುಚ್ಚಿದಲ್ಲೆಲ್ಲ ನರ ಸಿಗದೆ, ಅವಳು ಕಿರುಚಿ ಕಿರುಚಿ ನೀಲಿಯಾಗಿದ್ದಳು. ನರ್ಸಮ್ಮ ಬಂದು ಪಕ್ಕದಲ್ಲಿ ಕೂತರು. "ನಿನ್ನ ಕೈಯೊಳಗೆ ಒಂದು ಮೀನು ಅಡಗಿದೆ ಪುಟ್ಟಿ. ಅಲ್ಲಾಡಬೇಡ, ಓಡಿಹೋಗ್ತದೆ." ಮಗು ಉಸಿರು ಬಿಗಿಹಿಡಿದು ಮೀನು ಹುಡುಕತೊಡಗಿತು. ಅಷ್ಟರಲ್ಲಿ ಸೂಜಿ ಒಳಗೆ ಹೋಗಿತ್ತು. ಇವತ್ತಿಗೂ ದೇವರಿಗೆ ದೀಪ ಹಚ್ಚುವಾಗ ಆ ಮೀನನ್ನು ನೆನೆಯುತ್ತೇನೆ.

ಅಂಥವರಿಗೇ ರಕ್ತದ ಕ್ಯಾನ್ಸರ್ ಬಂತು. ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರುವುದು ಶುರುವಾಯಿತು. ಜೊತೆಗೆ ನಾನು ಹೋಗುತ್ತಿದ್ದೆ. ಅಲ್ಲಿಯ ನರ್ಸ್ ಹುಡುಗಿ ಇವರ ಕೈ ತಟ್ಟಿ ತಟ್ಟಿ ಸೋತಾಗ, "ಮೀನೆಲ್ಲ ಕೆಳಗೆ ಇಳಿದಿದೆ ಮಗಾ, ನಿಧಾನ ನೋಡು" ಎಂದು ಇವರೇ ಧೈರ್ಯ ಹೇಳುವರು.

ನೋವನ್ನು ತಡೆದುಕೊಂಡರು. ನಿದ್ದೆ ಬಾರದ್ದನ್ನು ಮಾತ್ರ ತಡೆಯಲಾಗಲಿಲ್ಲ. ಔಷಧಿಯ ಕಾವು ಒಂದು ಕಡೆ. ಇನ್ನೊಂದು ಕಡೆ, ತಲೆಯ ಮೇಲೆ ಬೆಳಗಿನವರೆಗೆ ಉರಿಯುವ ಟ್ಯೂಬ್‌ಲೈಟು. ಕಾಯಿಲೆ ಬಿದ್ದು ಮಲಗಿದವರ ಕೋಣೆ ಕತ್ತಲಾಗಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ. ಅತ್ತಿಗೆ ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ಒಂದು ಮಧ್ಯಾಹ್ನ ನಾನು ಅವರ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದೆ. ನರ್ಸಮ್ಮ ಫೋನಿನಲ್ಲಿ ಏನೋ ಓದುತ್ತಿದ್ದವರು ತಲೆಯೆತ್ತಿದರು.

"ಇಲ್ನೋಡು. ಕತ್ತಲಾದ ಮೇಲೆ ನಮ್ಮ ತಲೆಯೊಳಗೆ ಒಂದು ಹಾರ್ಮೋನ್ ಊರ್ತದೆ, ಮೆಲಟೋನಿನ್ ಅಂತ. ಅದು ರಕ್ತದ ಕ್ಯಾನ್ಸರಿನ ಕೋಶಗಳ ಊಟಾನೇ ಬದಲಾಯಿಸಬಹುದಾ ಅಂತ ನೋಡ್ತಿದ್ದಾರಂತೆ."

"ಕೋಶಕ್ಕೆಂಥ ಊಟ ನರ್ಸಮ್ಮ?"

"ಸಕ್ಕರೆ. ಒಳ್ಳೇ ಕೋಶ ಅದನ್ನ ಪೂರ್ತಿ ಉರಿಸ್ತದೆ, ಒಣ ಸೌದೆ ಉರಿದ ಹಾಗೆ. ಈ ಕೋಶಗಳು ಹಾಗಲ್ಲ. ನಿನ್ನ ಹಂಡೆ ಒಲೆ ಇದ್ಯಲ್ಲ, ಹಸಿ ಸೌದೆ, ಅರ್ಧಂಬರ್ಧ ಉರಿ, ಬರೀ ಹೊಗೆ, ಮತ್ತೆ ತಾ ಮತ್ತೆ ತಾ. ಆ ಹಾರ್ಮೋನ್ ಉರಿಯನ್ನ ಸರಿದಾರಿಗೆ ತರಬಹುದಾ ಅನ್ನೋದು ಅವರ ಪ್ರಶ್ನೆ."

ನನ್ನ ಒಲೆಯನ್ನು ಹಳಿದರೂ ನನಗೆ ಕುತೂಹಲ ಹತ್ತಿತು. "ಅದು ಬಂದ್ರೆ ನಿದ್ದೆ ಬರ್ತದಾ? ಮನುಷ್ಯರಿಗೆ ಮಾತ್ರಾನಾ, ಇಲಿಗೂ ಇರ್ತದಾ?"

"ಇಲಿಗೂ ಕತ್ತಲಾದ ಮೇಲೇ ಊರ್ತದಂತೆ."

"ಹಾಗಾದ್ರೆ ಇಲಿ ಯಾಕೆ ಕತ್ತಲಾದ ಕೂಡಲೆ ನಮ್ಮ ಅಟ್ಟದ ಮೇಲೆ ಕುಣಿಯೋದು?"

ನರ್ಸಮ್ಮ ಫೋನು ಕೆಳಗಿಟ್ಟರು. ಎಷ್ಟೋ ದಿನದ ಮೇಲೆ ಆ ಕಣ್ಣಲ್ಲಿ ಹೊಳಪು ಕಂಡೆ. "ಒಳ್ಳೇ ಪ್ರಶ್ನೆ ಮಾರಾಯ್ತಿ! ಅಂದ್ರೆ ಅದು ಮಲಗು ಅನ್ನೋದಲ್ಲ, ಕತ್ತಲಾಯ್ತು ಅಂತ ಮೈಗೆ ಸುದ್ದಿ ಮುಟ್ಟಿಸೋದು. ನಾವು ಮಲಗ್ತೀವಿ, ಇಲಿ ಎದ್ದೇಳ್ತದೆ." ಆಮೇಲೆ ನನ್ನ ಅಕ್ಕಿಯಿಂದ ಒಂದು ಕಲ್ಲು ಆರಿಸಿ ಎಸೆದು ಹೇಳಿದರು, "ನನ್ನ ಮೈಗೆ ಆ ಸುದ್ದಿ ಮುಟ್ಟಿದ್ದೇ ಕಮ್ಮಿ. ಸರ್ವಿಸ್ ಪೂರ್ತಿ ಲೈಟಿನ ಕೆಳಗೆ ಕೂತವಳು."

ಆ ಹಾರ್ಮೋನಿನ ಮಾತ್ರೆಯೂ ಸಿಗುತ್ತದೆಂದು ತಿಳಿದಾಗ ನಾನು, "ತರಿಸೋಣ" ಎಂದೆ. ಅವರು ಒಪ್ಪಲಿಲ್ಲ. "ಡಾಕ್ಟರನ್ನ ಕೇಳದೆ ಮಾತ್ರೆ ನುಂಗಿದವರನ್ನ ಎಷ್ಟು ಬೈದಿದ್ದೀನಿ ನಾನು! ಈಗ ನಾನೇ ನುಂಗಲಾ?"

ಮುಂದಿನ ಸಲ ಮಂಗಳೂರಿನಲ್ಲಿ ಕೇಳಿದರು. ಡಾಕ್ಟರು ನಗಲಿಲ್ಲ, ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದರು. "ಪ್ರಯೋಗಶಾಲೆಯಲ್ಲಿ ನೋಡ್ತಿರೋದು ನಿಜ ಸಿಸ್ಟರ್. ಅದೇ ಮನುಷ್ಯರಿಗೆ ಮದ್ದಾಗ್ತದೆ ಅಂತ ಇನ್ನೂ ಹೇಳೋಕಾಗಲ್ಲ. ನಿಮ್ಮ ಔಷಧಿಗಳ ಜೊತೆ ಸೇರಿದ್ರೆ ಏನಾಗ್ತದೋ, ಮಾತ್ರೆ ಬೇಡ."

"ನನಗೆ ಇದು ಬಂದಿದ್ದು ರಾತ್ರಿ ಪಾಳಿಯಿಂದಲಾ ಸಾರ್?"

"ಹಾಗಂತ ಹೇಳೋಕೆ ನನ್ನ ಹತ್ರ ಆಧಾರ ಇಲ್ಲ."

"ಕತ್ತಲೇಲಿ ಮಲಗಬಹುದಾ?"

"ಅದಕ್ಕೆ ನನ್ನ ಚೀಟಿ ಬೇಕಾ? ಚೆನ್ನಾಗಿ ಮಲಗಿ."

ಚೀಟಿ ಬೇಕಿದ್ದದ್ದು ಅತ್ತಿಗೆಗೆ. ಅವತ್ತು ಸಂಜೆ ದೊಡ್ಡ ರಾಮಾಯಣವೇ ಆಯಿತು.

"ಕಾಯಿಲೆಯವಳನ್ನ ಕತ್ತಲೇಲಿ ಹಾಕೋದಾ? ಯಮನಿಗೆ ಬಾ ಅಂತ ಬಾಗಿಲು ತೆಗೆದ ಹಾಗೆ!"

"ಆಸ್ಪತ್ರೇಲಿ ಸಾಲಾಗಿ ಟ್ಯೂಬ್‌ಲೈಟ್ ಇತ್ತು ಅತ್ತಿಗೆ. ಅವನು ಅದರ ಬೆಳಕಲ್ಲೇ ಬೆಡ್ ನಂಬರ್ ಓದ್ಕೊಂಡು ಬರ್ತಿದ್ದ."

"ನಿಂಗೆ ಎಲ್ಲಾ ತಮಾಷೆ." ಅತ್ತಿಗೆ ಸೆರಗಿನಿಂದ ಮೂಗೊರೆಸಿಕೊಂಡರು. ಅವರಿಗೆ ಇದ್ದ ಜೀವ ಅದೊಂದೇ. ಬೆಳಕು ಆರಿಸಿದರೆ ಅದೂ ಆರಿಹೋಗುತ್ತದೆನ್ನುವ ಹೆದರಿಕೆ. ಅದಕ್ಕೆ ನಗುವ ಹಾಗಿರಲಿಲ್ಲ.

ನನಗೆ ತೋಚಿದ್ದನ್ನು ಹೇಳಿದೆ. "ಮನೇಲಿ ಬೆಳಕು ಆರೋದು ಬೇಡ ಅತ್ತಿಗೆ. ಟ್ಯೂಬ್‌ಲೈಟಿನ ಬದಲು ರಾತ್ರಿಯಿಡೀ ಒಂದು ಎಣ್ಣೆ ದೀಪಾನ ದೇವರ ಕೋಣೇಲಿ ಹೊರನಾಡಿನ ಅಮ್ಮನ ಪಟದ ಮುಂದೆ ಇಡೋಣ. ನಡುವೆ ಬಾಗಿಲು ಇದ್ದ ಮಾತ್ರಕ್ಕೆ ಅಮ್ಮನಿಗೆ ಇವರು ಕಾಣೋದಿಲ್ವಾ?"

ಕಾಣುವುದಿಲ್ಲ ಎಂದು ಹೇಳಲು ಅತ್ತಿಗೆಗೆ ಬಾಯಿ ಬರಲಿಲ್ಲ. ಟ್ಯೂಬ್‌ಲೈಟು ಆರಿತು, ದೇವರ ಕೋಣೆಯಲ್ಲಿ ದೀಪ ಹತ್ತಿತು. ಯುಪಿಎಸ್‌ನ ಹಸಿರು ಕಣ್ಣಿನ ಮೇಲೂ ನರ್ಸಮ್ಮ ನನ್ನಿಂದ ಒಂದು ಕಪ್ಪು ರವಿಕೆ ಕಣ ಹಾಕಿಸಿದರು.

ಮರುದಿನ ಹೋದಾಗ ಅವರು ಅಕ್ಕಿರೊಟ್ಟಿ ಮುರಿಯುತ್ತ ಕೂತಿದ್ದರು. "ಕನಸು ಬಿತ್ತು ಮಾರಾಯ್ತಿ. ಕನಸು ಬಿದ್ದು ಎಷ್ಟು ಕಾಲ ಆಗಿತ್ತು!"

ಕಾಯಿಲೆ ಅದರಿಂದ ತಗ್ಗಿತೆಂದು ನಾನು ಹೇಳುವುದಿಲ್ಲ. ರಕ್ತದ ಲೆಕ್ಕ ತನ್ನ ಪಾಡಿಗೆ ಏರಿಳಿಯುತ್ತಲೇ ಇತ್ತು, ಕೊನೆಗೆ ಇಳಿದೇ ಹೋಯಿತು. ಆದರೆ ಕಾಫಿ ಹೂ ಬಿಟ್ಟು, ಕಾಯಿ ಕಟ್ಟಿ, ಹಣ್ಣು ಕುಯ್ಯುವವರೆಗೂ ಅವರಿಗೆ ನಿದ್ದೆ ಸಿಕ್ಕಿತು, ಬೆಳಿಗ್ಗೆ ಎದ್ದು ಕೇಳಲು ಪ್ರಶ್ನೆಗಳು ಸಿಕ್ಕವು. ಬೆಳಕು ನೋಡದ ಗೆದ್ದಲಿಗೂ ಆ ಹಾರ್ಮೋನ್ ಇರುತ್ತದಾ? ನೆರಳಿನ ಕಾಫಿ ಗಿಡಕ್ಕೆ? ಉತ್ತರ ನನಗೆ ಗೊತ್ತಿರಲಿಲ್ಲ, ಅವರಿಗೂ. ದೇವಿ ಇಷ್ಟಾದರೂ ಕೊಟ್ಟಳಲ್ಲ ಎಂದು ನಾನು ಕೈಮುಗಿದಿದ್ದೇನೆ.

ನರ್ಸಮ್ಮ ಏಳದ ಆ ಬೆಳಿಗ್ಗೆ ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು. "ಕತ್ತಲಲ್ಲೇ ಹೋದಳು" ಎಂದರು. ನಾನು ಅವರ ಕೈ ಹಿಡಿದು ಒಳಗೆ ಕರೆತಂದೆ. "ಮುಖ ನೋಡಿ ಅತ್ತಿಗೆ. ಗಂಟು ಒಂದೂ ಇಲ್ಲ ಹಣೇಲಿ." ಅವರು ಬಗ್ಗಿ ಬಹಳ ಹೊತ್ತು ನೋಡಿದರು.

ಸಂಸ್ಕಾರ ಮುಗಿದು ಎಲ್ಲರೂ ಹೋದ ಮೇಲೆ ಅತ್ತಿಗೆ ದೇವರ ಕೋಣೆಯಿಂದ ದೀಪ ತಂದು, ನರ್ಸಮ್ಮ ಮಲಗುತ್ತಿದ್ದ ಜಾಗದಲ್ಲಿಟ್ಟು, ಬತ್ತಿ ಮೇಲಕ್ಕೆ ಎಳೆದರು. "ಈಗ ಉರೀಲಿ. ಇನ್ನು ಅವಳ ನಿದ್ದೆ ಕೆಡೋದಿಲ್ಲ."

ನಾನು ಸ್ನಾನಕ್ಕೆಂದು ಮನೆಗೆ ಬಂದೆ. ಹಂಡೆ ಒಲೆ ಇನ್ನೂ ಹೊಗೆಯಾಡುತ್ತಿತ್ತು. ಅರ್ಧ ಉರಿದ ಹಸಿ ಸೌದೆಯನ್ನು ಎಳೆದು ಹೊರಗೆ ಹಾಕಿ, ಅಟ್ಟದಿಂದ ಒಣಗಿದ್ದನ್ನು ಇಳಿಸಿ ಒಲೆಗಿಟ್ಟೆ.