ಬೈಕಿನ ಬಾಯಿಗೆ ಕರಿ ಬಟ್ಟೆ

ಕಳೆದ ಭಾನುವಾರ ರಾಯಚೂರಿನಿಂದ ಮಾನ್ವಿಗೆ ಬಸ್ಸಿನಲ್ಲಿ ಹೋದವರು ನನ್ನನ್ನು ನೋಡಿರಬಹುದು. ಕಲ್ಲೂರು ದಾಟಿದ ಮೇಲೆ ಜಾಲಿ ಗಿಡದ ಕೆಳಗೆ, ಕೆಂಪು ಬೈಕಿನ ಪಕ್ಕದಲ್ಲಿ, ಕೂಲಿಂಗ್ ಗ್ಲಾಸ್ ಹಾಕಿಕೊಂಡು ಒಬ್ಬ ಸ್ಟೈಲಾಗಿ ನಿಂತಿದ್ದನಲ್ಲ? ಅದು ನಾನೇ. ಸ್ಟೈಲಿಗೆ ನಿಂತಿರಲಿಲ್ಲ. ಬೈಕಿನ ಎಂಜಿನ್ ಸೀಜ್ ಆಗಿ ನಿಂತಿತ್ತು.

ಕಾರಣ ಕೇಳುತ್ತೀರಾ? ಹೊಟ್ಟೆಕಿಚ್ಚು.

ರಾಯಚೂರಿನ ನಮ್ಮ ಆಫೀಸಿನಲ್ಲಿ ಜಪಾನಿ ಎಂಜಿನ್ನಿನ ನೂರು ಸಿಸಿ ಬೈಕು ಮೊದಲು ತಂದವನು ನಾನು. ಬುಕ್ ಮಾಡಿ ವರ್ಷಗಟ್ಟಲೆ ಕಾದು ತಂದದ್ದು. ಆಫೀಸಿನ ಬೇವಿನ ಮರದ ನೆರಳು ಅಂದಿನಿಂದ ನನ್ನ ಗಾಡಿಗೇ ರಿಸರ್ವ್. (ಸಾಹೇಬರ ಜೀಪು ಬಿಸಿಲಲ್ಲಿ ನಿಲ್ಲುತ್ತಿತ್ತು. ಅವರು ಒಳ್ಳೆಯವರು.) ಸಂಜೆ ಐದೂವರೆಗೆ ನಾನು ಕಿಕ್ ಹೊಡೆದರೆ ಟೈಪಿಸ್ಟುಗಳು ಕಿಟಕಿಗೆ ಬರುತ್ತಿದ್ದರು. ಬರುತ್ತಿದ್ದರು ಅಂತ ನಾನಂತೂ ನಂಬಿದ್ದೆ.

ಹೀಗಿರುವಾಗ ಹನುಮಂತ ಅದೇ ಮಾಡೆಲ್ ತಂದ. ನೀಲಿ ಬಣ್ಣದ್ದು.

ಹನುಮಂತ ನನ್ನ ಪಕ್ಕದ ಟೇಬಲ್ಲಿನವನು. ನನಗಿಂತ ಆರು ವರ್ಷ ಚಿಕ್ಕವನು, ದೇವದುರ್ಗದ ಹತ್ತಿರದ ಅರಕೇರಾದವನು. ಕೆಲಸಕ್ಕೆ ಸೇರಿದ ದಿನವೇ ನನ್ನ ಊರು, ಮನೆತನ ವಿಚಾರಿಸಿ, ತನ್ನ ತಾಯಿ ಸುಗ್ಗಿಯಲ್ಲಿ ಮಾನ್ವಿಗೆ ಬಂದು ನಮ್ಮ ಅಪ್ಪನ ರೈಸ್ ಮಿಲ್ಲಿನಲ್ಲೇ ತೌಡು ತುಂಬುತ್ತಿದ್ದಳು ಎಂದು ಸಹಜವಾಗಿ ಹೇಳಿದ್ದ. ಅದನ್ನು ನಾನು ಇಡೀ ಆಫೀಸಿಗೆ ಹೇಳಿದೆ. ಹೊಗಳುವ ಧಾಟಿಯಲ್ಲೇ. ಎಂಥ ಮನೆಯಿಂದ ಬಂದು ಎಲ್ಲಿ ಮುಟ್ಟಿದ ನೋಡಿ, ಅಂತ. ಹೇಳುವಾಗ ಅವನನ್ನು ಅಲ್ಲಿ ಮುಟ್ಟಿಸಿದ್ದು ನಾವೇ ಅನ್ನುವ ಹಾಗೆ ನನ್ನ ಎದೆ ಉಬ್ಬುತ್ತಿತ್ತು.

ಅವನು ಬೈಕು ತಂದ ದಿನ ಪೇಢೆ ಹಂಚಿದ. ತಿಂದೆ, ಬೆನ್ನು ತಟ್ಟಿದೆ. ಹೊಟ್ಟೆಯೊಳಗೆ ಒಣ ಮೆಣಸಿನಕಾಯಿ ಹುರಿದಂತಾಗುತ್ತಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವನು ಹೈದರಾಬಾದಿನಿಂದ ಒಂದು ಏರ್ ಫಿಲ್ಟರ್ ತರಿಸಿದ. ಕಂಪನಿ ಕೊಟ್ಟ ಕಪ್ಪು ಡಬ್ಬಿ ತೆಗೆಸಿ, ಕಾರ್ಬ್ಯುರೇಟರಿನ ಬಾಯಿಗೆ ನೇರವಾಗಿ ಹೊಳೆಯುವ ಉಕ್ಕಿನ ಜಾಲರಿ ಕೂಡಿಸಿದ. ಆಕ್ಸಲರೇಟರ್ ತಿರುಗಿಸಿದರೆ ಹೋರಿ ಉಸಿರು ಬಿಟ್ಟ ಹಾಗೆ ಒಂದು ಸದ್ದು. ಮೊದಲ ದಿನ ಕಿಟಕಿಗೆ ಟೈಪಿಸ್ಟುಗಳು ಬಂದರು. ಸಾಹೇಬರೂ ಬಂದರು. ನನ್ನ ಬೈಕು ಬೇವಿನ ನೆರಳಲ್ಲಿ ಬಡ ನೆಂಟನಂತೆ ನಿಂತಿತ್ತು.

ನಮ್ಮ ಪೈಕಿಯ ಮಿಲ್ ಮಾಲೀಕರ ಮಕ್ಕಳು ಎಷ್ಟು ಜನ ಇದಕ್ಕಿಂತ ಭರ್ಜರಿ ಗಾಡಿ ಓಡಿಸುವುದಿಲ್ಲ? ಅವರನ್ನು ಕಂಡು ಎಂದೂ ನನ್ನ ಊಟ ಕೆಟ್ಟಿದ್ದಿಲ್ಲ. ಹನುಮಂತನ ಜಾಲರಿ ಯಾಕೆ ಕೆಡಿಸಿತು? ಉತ್ತರ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಕೇಳಿಕೊಳ್ಳಲಿಲ್ಲ.

ಒಂದು ವಾರ ಕಳೆದ ಮೇಲೆ ನೋಡುತ್ತೇನೆ, ಆ ಜಾಲರಿಯ ಮೇಲೆ ಕರಿ ಬಟ್ಟೆ! ಸುತ್ತಿ, ದಾರದಿಂದ ಬಿಗಿದಿದ್ದಾರೆ. ಬೇರೆ ಯಾವ ಅರ್ಥ ಬರಬೇಕು ಹೇಳಿ? ದೃಷ್ಟಿ ತಾಗದಿರಲಿ ಅಂತ ಕಟ್ಟಿದ್ದು. ಯಾರ ದೃಷ್ಟಿ? ಆಫೀಸಿನಲ್ಲಿ ಅದೇ ಮಾಡೆಲ್ ಇರುವವನು ನಾನೊಬ್ಬನೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎರಡೂ ಹೆಗಲು ಮುಟ್ಟಿಕೊಂಡೆ. ಆಮೇಲೆ ಸಿಟ್ಟು ಬಂತು. ನಮ್ಮ ಮಿಲ್ಲಿನ ಅನ್ನ ತಿಂದವರು ನನ್ನ ಕಣ್ಣಿಗೇ ಬಟ್ಟೆ ಕಟ್ಟುತ್ತಾರೆಯೇ? (ಹೌದು, ಹೀಗೇ ಅಂದುಕೊಂಡೆ. ಬರೆಯಲು ನಾಚಿಕೆಯಾಗುತ್ತದೆ.)

ಶನಿವಾರ ಮಧ್ಯಾಹ್ನ ಸ್ಟೇಷನ್ ರೋಡಿನ ಮೆಕ್ಯಾನಿಕ್ ಮಹಬೂಬ್ ಭಾಯಿ ಮುಂದೆ ನಿಂತೆ. ಹನುಮಂತನಿಗೆ ಹಾಕಿದಂಥದ್ದೇ ಜಾಲರಿ ಬೇಕು, ಈಗಲೇ ಬೇಕು, ನಾಳೆ ಊರಿಗೆ ಹೋಗಬೇಕು.

“ಗಾಳಿ ಹೆಚ್ಚಿಗಿ ಕುಡಿಸಿದ್ರ ಪೆಟ್ರೋಲೂ ಹೆಚ್ಚಿಗಿ ಕುಡಿಸ್ಬೇಕ್ರಿ ಸಾಬ್. ಕಾರ್ಬ್ಯುರೇಟರಿಗಿ ದೊಡ್ಡ ಜೆಟ್ ಹಾಕ್ಬೇಕು. ಮುಂದಿನ ವಾರ ಬರ್ತದ. ಹನುಮಂತ ಸಾಬ್ ಹದಿನೈದು ದಿನ ಕಾದಾರ, ನೀವೂ ತಡೀರಿ.”

ಹನುಮಂತ ಕಾದನಂತೆ, ನಾನೂ ಕಾಯಬೇಕಂತೆ! ಜಾಲರಿ ಒಂದನ್ನೇ ಹಾಕಿಸಿಕೊಂಡು ಬಂದೆ.

ಭಾನುವಾರ ಬೆಳಿಗ್ಗೆ ಹೊರಟೆ. ಮಾನ್ವಿಯಲ್ಲಿ ಮಿಲ್ಲಿನ ಗೇಟಿನ ಮುಂದೆ ಎರಡು ಸಲ ಸದ್ದು ಮಾಡಿ, ಅಪ್ಪನನ್ನು ಗದ್ದಿಗೆಯಿಂದ ಎಬ್ಬಿಸುವುದು ಪ್ಲಾನು. ಸದ್ದೇನೋ ಚೆನ್ನಾಗಿಯೇ ಬಂತು. ಕಲ್ಲೂರು ದಾಟುವವರೆಗೆ ನನ್ನಂಥ ಸುಖಿ ಇಲ್ಲ. ಆಮೇಲೆ ಎಂಜಿನ್ ತಿಣುಕಿತು, ಹಿಂದಿನ ಗಾಲಿ ಎಳೆದು ನಿಂತುಬಿಟ್ಟಿತು. ಕಿಕ್ಕರ್ ಕಲ್ಲಾಗಿತ್ತು. ಗಾಳಿ ಹೆಚ್ಚಾಗಿ, ಪೆಟ್ರೋಲು ಸಾಲದೆ, ಪಿಸ್ಟನ್ ಕಾದು ಕಚ್ಚಿಕೊಂಡಿತ್ತು.

ಅರ್ಧ ಗಂಟೆಯಾದ ಮೇಲೆ ದೂರದಿಂದ ಹೋರಿಯ ಉಸಿರು ಕೇಳಿತು. ಯಾರಾದರೂ ಬರಲಿ, ಅವನೊಬ್ಬ ಬರದಿರಲಿ ಅಂದುಕೊಂಡೆ. ಅವನೇ. ಹಿಂದೆ ತಾಯಿ ದುರುಗಮ್ಮ. ಚೀಕಲಪರ್ವಿಯ ಅಕ್ಕನ ಮನೆಗೆ ಹೊರಟಿದ್ದರಂತೆ. ಹನುಮಂತ ಬಗ್ಗಿ ಜಾಲರಿ ನೋಡಿದ. ಜೆಟ್ ಹಾಕಿಸಲಿಲ್ಲವೇ ಅಂತ ಮೆಲ್ಲಗೆ ಕೇಳಿದ, ಅಷ್ಟೇ. ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಗಲೇ ನನ್ನ ಬಾಯಿ ತಡೆಯಲಿಲ್ಲ. ನೀವು ಬಿಡಿ, ದೃಷ್ಟಿಗೆ ಕರಿ ಬಟ್ಟೆ ಕಟ್ಟಿದ್ದೀರಿ, ನಿಮ್ಮ ಗಾಡಿಗೆ ಏನೂ ಆಗುವುದಿಲ್ಲ, ಅಂತ ಕುಟುಕಿದೆ.

ದುರುಗಮ್ಮ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

“ದೃಷ್ಟಿಗಲ್ರಿ ಯಪ್ಪಾ, ಧೂಳಿಗಿ. ಮಿಲ್ಲಿನಾಗ ತೌಡು ತುಂಬೂ ಮುಂದ ಮೂಗು ಬಾಯಿಗಿ ಹಿಂಗ ಅರಿವಿ ಕಟ್ಕೋತಿದ್ವಿ. ಇಲ್ಲಂದ್ರ ರಾತ್ರಿಯೆಲ್ಲ ಕೆಮ್ಮು. ಇದರ ಬಾಯಿ ತೆರದು ಬಿಟ್ಟಾನಲ್ಲ, ಇದಕ್ಕೂ ಧೂಳು ಹೋಗ್ತದಂತ ಹಳೀ ಸೀರಿ ಹರದು ಕಟ್ಟೀನಿ. ಕರೇ ಅರಿವಿ ಮ್ಯಾಲ ಧೂಳು ಲಗೂ ಕಾಣ್ತದ, ಒಗ್ಯಾಕ ಗೊತ್ತಾಗ್ತದ.”

ಹಾಗಾದರೆ ದೃಷ್ಟಿಗೆ ಏನೂ ಕಟ್ಟಲಿಲ್ಲವೇ ಅಂದೆ.

“ನಮ್ಮ ಮ್ಯಾಲ ಯಾರ ಕಣ್ಣು ಬೀಳ್ತಾವ್ರಿ?” ಅಂದಳು.

ಮುಂದೆ ಆದದ್ದು ಇಷ್ಟು. ಅವಳು ನನ್ನ ಬೈಕು ಕಾಯುತ್ತಾ ಜಾಲಿ ಗಿಡದ ಕೆಳಗೆ ಕುಳಿತಳು. ಟೆಂಪೋ ತರಲು ನಾನು ಹನುಮಂತನ ಹಿಂದೆ ಕೂತು ಮಾನ್ವಿಗೆ ಹೋದೆ. ಮಿಲ್ಲಿನ ಗೇಟಿನ ಮುಂದೆ ಸದ್ದು ಜೋರಾಗಿಯೇ ಆಯಿತು. ಅಪ್ಪ ಎದ್ದು ಬಂದು ನೋಡಿದರು. ನಾನು ಹಿಂದಿನ ಸೀಟಿನಲ್ಲಿದ್ದೆ.

ಅಂಗಳದಲ್ಲಿ ಐದಾರು ಹೆಂಗಸರು ತೌಡು ತುಂಬುತ್ತಿದ್ದರು. ಎಲ್ಲರ ಮೂಗಿಗೂ ಬಾಯಿಗೂ ಬಟ್ಟೆ. ನಾನು ಹುಟ್ಟಿ ಬೆಳೆದ ಅಂಗಳ ಅದು. ಆ ಬಟ್ಟೆಯನ್ನು ನಾನು ನೋಡಿದ್ದು ಅದೇ ಮೊದಲು.

ಸೋಮವಾರ ನನ್ನ ಟೇಬಲ್ಲಿನ ಮೇಲೆ ಮಡಿಸಿದ ಒಂದು ಕರಿ ಬಟ್ಟೆ ಇತ್ತು, ದಾರದ ಸಮೇತ. ಅವ್ವ ಕೊಟ್ಟಾಳ್ರಿ ಅಂದ ಹನುಮಂತ. ಬೈಕಿಗೆ ಹೊಸ ಪಿಸ್ಟನ್ ಬರಬೇಕು, ಬಂದ ಮೇಲೆ ಕಟ್ಟುತ್ತೇನೆ. ಅಲ್ಲಿಯವರೆಗೆ ಅದು ನನ್ನ ಡ್ರಾಯರಿನಲ್ಲಿದೆ. ತೆಗೆದಾಗಲೆಲ್ಲ ಕಣ್ಣಿಗೆ ಬೀಳುತ್ತದೆ, ಒಂದೇ ಪ್ರಶ್ನೆ ಏಳುತ್ತದೆ.

ಅಷ್ಟು ವರ್ಷ ಆ ತಾಯಿಯ ಮುಖದ ಮೇಲೆ ಬೀಳದ ನನ್ನ ಕಣ್ಣು, ಅವಳ ಮಗನ ಬೈಕಿನ ಮೇಲೆ ಮಾತ್ರ ಅಷ್ಟು ಬೇಗ ಹೇಗೆ ಬಿತ್ತು?