ಒಕ್ಕೂಟಕ್ಕೊಂದು ಸೋಮವಾರ ಹುಡುಕಿದ ಆರ್ಡಿಸ್

ಬೆಳಗಿನ ಜಾವ ನಾಲ್ಕೂ ಮುಕ್ಕಾಲು. ಹೊರಗೆ ಮೂಗು ಉದುರಿಹೋಗುವಂಥ ಚಳಿ. ಈ ಹೊತ್ತಿಗೆ ಹೋಲ್ಮ್‌ಡಾಲ್ ಪೇಟೆಯಲ್ಲಿ ದೀಪ ಉರಿಯುವುದು ಎರಡೇ ಕಡೆ. ಒಂದು ಬೇಕರಿ, ಇನ್ನೊಂದು ದನದ ಮೇವಿನ ಅಂಗಡಿಯ ಮಹಡಿ. ಆ ಮಹಡಿಯ ಕೋಣೆಯಲ್ಲಿ ಆರ್ಡಿಸ್ ಟ್ವೆಟನ್ ಕೋಟನ್ನೂ ಕಳಚದೆ ಫೋನ್ ಹಿಡಿದು ನಿಂತಿದ್ದಾರೆ. ಆ ಕಡೆ ಇರುವುದು ಕಾಲೇಜಿನ ಬಸ್ ಓಡಿಸುವ ಡೆನ್ನಿ.

“ಎದ್ದಿದೀಯೇನೋ? ರಸ್ತೆ ಹೇಗಿದೆ? ‘ಪರವಾಗಿಲ್ಲ’ ಅಂದ್ರೆ ಏನೋ ಅರ್ಥ? ಸೇತುವೆ ಮೇಲೆ ಇಳಿದು ನಿಂತು ನೋಡಿದ್ಯಾ? ಇಲ್ಲ ತಾನೆ? ಹೋಗಿ ನೋಡಿ ಆಮೇಲೆ ಫೋನ್ ಮಾಡು. ಬಸ್ಸಲ್ಲಿ ಕೂರೋದು ಹೆಣ್ಮಕ್ಕಳು ಕಣೋ, ಆಲೂಗಡ್ಡೆ ಮೂಟೆ ಅಲ್ಲ.”

ಏಳು ಗಂಟೆಯೊಳಗೆ ಇಂಥ ಇಪ್ಪತ್ತಮೂರು ಕರೆ ಮುಗಿಯುತ್ತವೆ. ಯಾವ ಬಸ್ ಹೊರಡಬೇಕು, ಯಾವ ಪಂದ್ಯ ಮುಂದಕ್ಕೆ ಹೋಗಬೇಕು ಎಂಬುದು ಅಷ್ಟರಲ್ಲಿ ತೀರ್ಮಾನವಾಗಿರುತ್ತದೆ. ಆರು ಕಾಲೇಜು, ಒಂಬತ್ತು ಆಟ, ವರ್ಷಕ್ಕೆ ನಾನೂರಕ್ಕೂ ಹೆಚ್ಚು ಪಂದ್ಯ. ಇಷ್ಟನ್ನೂ ಹೊಂದಿಸುವ ಹೆಂಗಸಿನ ಹುದ್ದೆ ಏನು ಗೊತ್ತೇ? ಅರೆಕಾಲಿಕ ಗುಮಾಸ್ತೆ! ನಲವತ್ತೊಂದು ವರ್ಷದಿಂದ ಅರೆಕಾಲಿಕ. ಅವರ ಪೂರ್ಣಕಾಲ ಹೇಗಿರಬಹುದೋ ದೇವರೇ ಬಲ್ಲ.

ಬ್ಲೂಸ್ಟೆಮ್ ಒಕ್ಕೂಟ ನಮ್ಮ ಅಯೋವ ರಾಜ್ಯದ ಈ ಮೂಲೆಯ ಸಣ್ಣ ಕಾಲೇಜುಗಳ ಕ್ರೀಡಾ ಬಳಗ. ತಮ್ಮತಮ್ಮಲ್ಲೇ ಆಡಿ, ಗೆದ್ದವರನ್ನು ರಾಷ್ಟ್ರೀಯ ಪಂದ್ಯಾವಳಿಗೆ ಕಳಿಸುವುದು ಇದರ ಕೆಲಸ. ೧೯೨೭ರಲ್ಲಿ ಆರು ಕಾಲೇಜುಗಳಿಂದ ಶುರುವಾಗಿ, ಅರವತ್ತೆಂಟರ ಹೊತ್ತಿಗೆ ಹನ್ನೊಂದಾಗಿ ಮೆರೆಯಿತು. ಆಮೇಲೆ ಇಳಿಜಾರು. ಸನ್ಯಾಸಿನಿಯರ ಕಾಲೇಜು ಬಾಗಿಲು ಹಾಕಿತು. ಎರಡು ಕಾಲೇಜು ದೊಡ್ಡವಾಗಿ, ನಾವು ಸಣ್ಣವರಾಗಿ ಕಂಡು, ಬೇರೆ ಒಕ್ಕೂಟಕ್ಕೆ ನಡೆದವು. ಇನ್ನೆರಡು ಒಂದರೊಳಗೊಂದು ವಿಲೀನವಾದವು. ಮತ್ತೊಂದರ ಆಟದ ಮೈದಾನದಲ್ಲಿ ಈಗ ಗೋದಾಮಿದೆ. ಹೀಗೆ ಕರಗುತ್ತ ಬಂದು ಆರಕ್ಕೆ ನಿಂತಿತ್ತು. ಎರಡು ವರ್ಷದ ಹಿಂದೆ ಹಾರ್ಲನ್ ಕಾಲೇಜೂ ಕಾಲು ಕಿತ್ತಿತು. ಉಳಿದದ್ದು ಐದು.

ಐದಾದರೆ ಕಥೆ ಮುಗಿದಂತೆ. ಆರು ಸದಸ್ಯರಿಲ್ಲದ ಒಕ್ಕೂಟದ ಚಾಂಪಿಯನ್ನಿಗೆ ರಾಷ್ಟ್ರೀಯ ಪಂದ್ಯಾವಳಿಗೆ ನೇರ ಪ್ರವೇಶವಿಲ್ಲ. ಪ್ರವೇಶವಿಲ್ಲ ಎಂದ ಮೇಲೆ ಉಳಿದವರೂ ಗಂಟುಮೂಟೆ ಕಟ್ಟುತ್ತಾರೆ. ಒಂದು ವರ್ಷದೊಳಗೆ ಆರನೆಯವರು ಸಿಗದಿದ್ದರೆ, ತೊಂಬತ್ತೆಂಟನೇ ವರ್ಷ ಕಾಣದೆ ಬ್ಲೂಸ್ಟೆಮ್ ಕಣ್ಣುಮುಚ್ಚುವುದು ಖಾತ್ರಿಯಾಗಿತ್ತು.

ಆರ್ಡಿಸ್‌ಗೆ ಇದು ಬರೀ ಕೆಲಸದ ಮಾತಲ್ಲ. ಅವರ ಗಂಡ ಓರ್ಲಿನ್ ಈ ಒಕ್ಕೂಟದ ಬಸ್ ಓಡಿಸುತ್ತಿದ್ದರು. ತೊಂಬತ್ತಾರರ ಹಿಮಗಾಳಿಯಲ್ಲಿ ಬಸ್ಸು ಹಳ್ಳಕ್ಕೆ ಜಾರಿತು. ಹತ್ತೊಂಬತ್ತು ಹುಡುಗರಲ್ಲಿ ಒಬ್ಬನಿಗೂ ಏನೂ ಆಗಲಿಲ್ಲ. ನಡೆದುಹೋಗಿ ಸಹಾಯ ಕರೆತಂದ ಓರ್ಲಿನ್‌ರ ನಾಲ್ಕು ಬೆರಳು ಮರಗಟ್ಟಿ ಹೋದವು. “ಅವತ್ತು ಹೊರಡಿ ಅಂತ ಪಟ್ಟಿ ಬರೆದವಳು ನಾನೇ,” ಎನ್ನುತ್ತಾರೆ ಆರ್ಡಿಸ್. “ಅವರು ಸಾಯೋವರೆಗೂ ಒಂದು ಮಾತು ಅನ್ನಲಿಲ್ಲ. ಅದಕ್ಕೇ ನಾಲ್ಕು ಗಂಟೆಗೆ ಏಳ್ತೀನಿ.” ಅಲ್ಲಿಂದೀಚೆಗೆ ಒಕ್ಕೂಟದ ಒಂದು ಬಸ್ಸೂ ಹಳ್ಳ ಕಂಡಿಲ್ಲ.

ಅವರ ಕೆಲಸದ ರೀತಿಯೇ ಬೇರೆ. ಕೋಣೆಯ ತುಂಬ ಕೌದಿ ಹೊಲಿಯುವ ದೊಡ್ಡ ಮರದ ಚೌಕಟ್ಟು. ಅದಕ್ಕೆ ಅಡ್ಡಡ್ಡ ಬಿಗಿದ ದಾರಗಳು, ದಾರಕ್ಕೊಂದು ವಾರ. ದಾರದ ಮೇಲೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳು, ಒಂದೊಂದು ಕಾಲೇಜಿಗೆ ಒಂದೊಂದು ಬಣ್ಣ. ಎರಡು ಕ್ಲಿಪ್ ಒಂದಕ್ಕೊಂದು ತಾಗಿದರೆ ಪಂದ್ಯ. ಅಷ್ಟೇ!

ಹಾರ್ಲನ್ ಹೋದ ಮೇಲೆ ಬಾಗಿಲು ತಟ್ಟಿದ್ದು ಒಂದೇ ಕಾಲೇಜು, ಪಕ್ಕದ ನೆಬ್ರಾಸ್ಕಾ ರಾಜ್ಯದ ಲೂಪ್ ರಿವರ್. ಒಳ್ಳೆಯ ಜನ, ಒಳ್ಳೆಯ ತಂಡಗಳು. ಆದರೆ ಶನಿವಾರವೇ ಅವರ ಸಬ್ಬತ್, ದೇವರಿಗೆ ಮೀಸಲಾದ ವಿಶ್ರಾಂತಿಯ ದಿನ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಸೂರ್ಯ ಮುಳುಗುವವರೆಗೆ ಚೆಂಡು ಮುಟ್ಟುವುದಿಲ್ಲ. ನಮ್ಮ ಪಂದ್ಯಗಳೆಲ್ಲ ನಡೆಯುವುದೇ ಆಗ. ಸರಿ, ಭಾನುವಾರ ಇಡೋಣವೆಂದರೆ ಡಚ್ಚರ ವಾನ್ ಡೈಕ್ ಕಾಲೇಜು ಭಾನುವಾರ ಹುಲ್ಲುಕಡ್ಡಿಯನ್ನೂ ಎತ್ತುವುದಿಲ್ಲ. ಬುಧವಾರ ಸಂಜೆ ಊರಿಗೂರೇ ಚರ್ಚಿನಲ್ಲಿರುತ್ತದೆ. ಆ ಹೊತ್ತಿಗೆ ಪಂದ್ಯ ಇಟ್ಟವನನ್ನು ಪಾದ್ರಿ ಬಿಟ್ಟರೂ ಅಜ್ಜಿಯರು ಬಿಡುವುದಿಲ್ಲ.

ಇಲ್ಲಿ ನನ್ನ ಪ್ರತಾಪವನ್ನೂ ಹೇಳಿಬಿಡಬೇಕು. ಹೋಲ್ಮ್‌ಡಾಲ್ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಹೇಳುವವನು ನಾನು. ಕಂಪ್ಯೂಟರಿಗೆ ಹಾಕಿದರೆ ಅರ್ಧ ತಾಸಿನ ಕೆಲಸ ಎಂದು ಜಂಭ ಕೊಚ್ಚಿದೆ. ಮೂರು ವಾರ ಹೆಣಗಿದೆ. ‘ಪರಿಹಾರವಿಲ್ಲ’ ಎಂದಿತು ಯಂತ್ರ. ಆರ್ಡಿಸ್ ನನ್ನ ಹಾಳೆಯನ್ನು ಕನ್ನಡಕದ ಮೇಲಿಂದ ನೋಡಿ, “ಪಾಪ, ಪ್ರೊಫೆಸರೇ, ನಿಮ್ಮ ಯಂತ್ರ ಯಾವತ್ತಾದ್ರೂ ಚರ್ಚಿಗೆ ಹೋಗಿದ್ಯಾ?” ಎಂದರು. ನನಗೆ ಮೈಯೆಲ್ಲ ಉರಿಯಿತು. ಈಗ ನಗು ಬರುತ್ತದೆ.

ಜನವರಿಯ ಸಭೆಗೆ ಆರ್ಡಿಸ್ ಚೌಕಟ್ಟನ್ನೇ ಡೆನ್ನಿಯ ಬಸ್ಸಿಗೇರಿಸಿಕೊಂಡು ಹೋದರು, ಹೊರಲು ನಾನೂ ಜೊತೆಗೆ. ಐದು ಕಾಲೇಜಿನ ಅಧ್ಯಕ್ಷರು ಕೂತಿದ್ದಾರೆ. ಐವರೂ ಒಪ್ಪಲೇಬೇಕು, ಒಬ್ಬರು ತಲೆಯಾಡಿಸದಿದ್ದರೂ ಲೂಪ್ ರಿವರ್ ಇಲ್ಲ, ಒಕ್ಕೂಟವೂ ಇಲ್ಲ. ಚಳಿಗಾಲದ ಬ್ಯಾಸ್ಕೆಟ್‌ಬಾಲ್ ಸಲೀಸಾಗಿ ದಾಟಿತು. ಸಂಜೆ ಐದೂವರೆಗೇ ಕತ್ತಲು, ಶನಿವಾರ ಏಳಕ್ಕೆ ಆಟ, ಯಾರ ದೇವರಿಗೂ ಬೇಸರವಿಲ್ಲ. ಸಾಫ್ಟ್‌ಬಾಲ್, ಬೇಸ್‌ಬಾಲ್‌ಗಳ ವಸಂತದ ದಾರಗಳಿಗೆ ಬಂದಾಗ, ಅತಿಥಿಯಾಗಿ ಬಂದಿದ್ದ ಲೂಪ್ ರಿವರ್‌ನ ಡೀನ್, ಪಾಸ್ಟರ್ ಎಲ್ಡನ್ ವೀಬ್, ಮೆಲ್ಲಗೆ ಕೈಯೆತ್ತಿದರು.

“ಮೇಡಂ, ಏಪ್ರಿಲ್ ಶನಿವಾರ ಏಳೂಕಾಲಿಗೆ ಅಂತ ಹಾಕಿದೀರಲ್ಲ, ಸೂರ್ಯಾಸ್ತದ ಹೊತ್ತು ಎಲ್ಲಿ ನೋಡಿದ್ರಿ?”

“ಮೇವಿನಂಗಡಿ ಕ್ಯಾಲೆಂಡರಲ್ಲಿ. ಆರು ಐವತ್ತೈದು.”

“ಮಾರ್ಚಿನಲ್ಲಿ ದೇಶದ ಗಡಿಯಾರವೆಲ್ಲ ಬೇಸಿಗೆಗೆ ಅಂತ ಒಂದು ಗಂಟೆ ಮುಂದಕ್ಕೆ ಹೋಗುತ್ತೆ. ಸೂರ್ಯ ಹೋಗಲ್ಲ. ನಮಗೆ ಏಳು ಐವತ್ತೈದಕ್ಕೆ ಮುಂಚೆ ಆಡೋಕಾಗಲ್ಲ.”

ಕ್ಯಾಲೆಂಡರಿನ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಬೇಸಿಗೆ ಸಮಯಕ್ಕೆ ಒಂದು ಗಂಟೆ ಸೇರಿಸಿಕೊಳ್ಳಿ’ ಎಂದಿತ್ತಂತೆ. ನಲವತ್ತು ವರ್ಷದಲ್ಲಿ ಮಧ್ಯಾಹ್ನದ ಪಂದ್ಯಕ್ಕೆ ಸೂರ್ಯಾಸ್ತ ಯಾರಿಗೆ ಬೇಕಿತ್ತು? ರಾತ್ರಿ ಎಂಟಕ್ಕೆ ಶುರುಮಾಡಿದರೆ ಬಸ್ಸು ಊರು ಸೇರುವುದು ನಡುರಾತ್ರಿ ದಾಟಿ. ಹತ್ತು ಪಂದ್ಯಗಳು ಒಂದೇ ಏಟಿಗೆ ಬಿದ್ದುಹೋದವು. ವಾನ್ ಡೈಕ್‌ನ ಅಧ್ಯಕ್ಷ ಕಾರ್ನಿ ಹೋಕ್‌ಸ್ಟ್ರಾ ಕಡತ ಮುಚ್ಚಿ, “ಆರ್ಡಿಸ್, ನೀವು ಮಾಡೋಷ್ಟು ಮಾಡಿದ್ರಿ. ಇದು ಆಗೋ ಹೋಗೋ ಮಾತಲ್ಲ,” ಎಂದರು.

“ಕಾರ್ನಿ, ಕೂತ್ಕೊಳ್ಳಿ,” ಎಂದರು ಆರ್ಡಿಸ್. “ತಪ್ಪು ನಂದು, ನಾನೇ ತಿದ್ತೀನಿ. ಕಾಫಿ ಇದೆ, ಸಿಹಿಗೆ ರೂಬಾರ್ಬ್ ಬಾರ್ ಇದೆ. ತಿಂತಾ ಇರಿ. ಬಾಯಿಗೆ ಕೆಲಸ ಇದ್ರೆ ಒಳ್ಳೇದು.”

ಅಧ್ಯಕ್ಷರೆಲ್ಲ ಶಾಲೆ ಮಕ್ಕಳ ಹಾಗೆ ಕೂತರು. ಆರ್ಡಿಸ್ ಹತ್ತೂ ಜೋಡಿ ಕ್ಲಿಪ್ಪುಗಳನ್ನು ಕಿತ್ತು ಏಪ್ರನ್ ಜೇಬಿಗೆ ಹಾಕಿಕೊಂಡರು. ಒಂದು ಜೋಡಿ ಹಾಕುವುದು, ಹಿಂದೆ ಸರಿದು ನೋಡುವುದು, ಬೇರೆ ಮೂರನ್ನು ಪಕ್ಕಕ್ಕೆ ತಳ್ಳುವುದು. ನಡುವೆ ಡೆನ್ನಿಗೆ ಫೋನು, “ಭಾನುವಾರ ಚರ್ಚು ಮುಗಿಸಿ ಹನ್ನೊಂದಕ್ಕೆ ಹೊರಟ್ರೆ ಎಷ್ಟು ಹೊತ್ತಿಗೆ ಸೇರ್ತೀಯೋ?” ನಲವತ್ತು ನಿಮಿಷದಲ್ಲಿ ಎಂಟು ಪಂದ್ಯ ಭಾನುವಾರ ಮಧ್ಯಾಹ್ನಕ್ಕೆ ಕೂತವು. ಜೇಬಿನಲ್ಲಿ ಎರಡು ಜೋಡಿ ಉಳಿದವು. ಎರಡೂ ವಾನ್ ಡೈಕ್ ಮತ್ತು ಲೂಪ್ ರಿವರ್ ನಡುವಿನವು. ಇವರಿಗೆ ಶನಿವಾರ ಆಗದು, ಅವರಿಗೆ ಭಾನುವಾರ ಆಗದು, ಉಳಿದ ದಿನ ತರಗತಿ, ಪ್ರಯೋಗಾಲಯ. ನನ್ನ ಯಂತ್ರ ಕೈಚೆಲ್ಲಿದ್ದೂ ಇಲ್ಲೇ.

ಆರ್ಡಿಸ್ ಏಪ್ರಿಲ್‌ನ ದಾರಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿದರು. ಆಮೇಲೆ ತಿರುಗಿ ಕೇಳಿದರು. “ಕಾರ್ನಿ, ಈಸ್ಟರ್ ಆದ ಮಾರನೇ ದಿನ ನಿಮ್ಮಲ್ಲಿ ಪಾಠ ಇರುತ್ತಾ?”

“ಈಸ್ಟರ್ ಸೋಮವಾರವೇ? ರಜೆ. ಯಾವಾಗಲೂ.”

“ನಿಮ್ಮಲ್ಲಿ, ಪಾಸ್ಟರ್?”

“ನಮಗೂ ರಜೆ. ಮಕ್ಕಳು ಊರಿಂದ ವಾಪಸ್ ಬರೋ ದಿನ.”

“ಹಾಗಾದ್ರೆ ಒಂದು ದಿನ ಮುಂಚೆ ಬರಲಿ,” ಎಂದು ಎರಡೂ ಜೋಡಿಯನ್ನು ಸೋಮವಾರಕ್ಕೆ ಚುಚ್ಚಿದರು. ಸಾಫ್ಟ್‌ಬಾಲ್ ಲೂಪ್ ರಿವರ್‌ನಲ್ಲಿ, ಬೇಸ್‌ಬಾಲ್ ವಾನ್ ಡೈಕ್‌ನಲ್ಲಿ. “ದೇವರು ಶನಿವಾರ ನಿಮಗೆ ಕೊಟ್ಟ, ಭಾನುವಾರ ಇವರಿಗೆ ಕೊಟ್ಟ. ಈ ಸೋಮವಾರ ನನಗೆ ಅಂತಲೇ ಬಿಟ್ಟಿದ್ದ ಅನ್ಸುತ್ತೆ.”

ಮೊದಲು ನಕ್ಕವರು ಪಾಸ್ಟರ್. ಆಮೇಲೆ ಕಾರ್ನಿ, ಹೊಟ್ಟೆ ಹಿಡಿದುಕೊಂಡು. ಮತಕ್ಕೆ ಹಾಕಿದಾಗ ಐದಕ್ಕೆ ಐದು. ಬ್ಲೂಸ್ಟೆಮ್ ಮತ್ತೆ ಆರಾಯಿತು! ನಾನು ಕೂತಲ್ಲಿಂದ ಎದ್ದು ಚಪ್ಪಾಳೆ ತಟ್ಟಿದೆ. ಸಭ್ಯತೆ ಗಿಭ್ಯತೆ ಎಲ್ಲ ಆಮೇಲೆ.

ಈ ಚಳಿಗಾಲ ಲೂಪ್ ರಿವರ್ ಮೊದಲ ಸಲ ನಮ್ಮೂರಿಗೆ ಆಡಲು ಬಂದಿತು. ಸೂರ್ಯ ಮುಳುಗುವವರೆಗೆ ಅವರ ಹುಡುಗಿಯರು ಚರ್ಚಿನ ಸಭಾಂಗಣದಲ್ಲಿ ಹಾಡುತ್ತ ಕೂತಿದ್ದರು. ನಮ್ಮೂರ ಅಜ್ಜಿಯರು ಬಿಸಿ ಸೂಪ್ ಹೊತ್ತು ತಂದು ಬಡಿಸಿ ಜೊತೆಗೆ ತಾವೂ ಹಾಡಿದರು. ಏಳಕ್ಕೆ ಕ್ರೀಡಾಂಗಣ ಕಿಕ್ಕಿರಿದಿತ್ತು. ನಾವು ಮೂರು ಅಂಕದಿಂದ ಸೋತೆವು, ಒಬ್ಬರೂ ಬೇಗ ಎದ್ದು ಹೋಗಲಿಲ್ಲ.

ಪ್ರಶಸ್ತಿ ಫಲಕಕ್ಕೆ ನಿಮ್ಮ ಹೆಸರಿಡುತ್ತೇವೆ ಎಂದು ಅಧ್ಯಕ್ಷರು ಹೇಳಿದರಂತೆ. “ಸತ್ತವರ ಹೆಸರು ಇಡೋದು ಅದಕ್ಕೆ. ನಂಗಿನ್ನೂ ಕೆಲಸ ಇದೆ,” ಎಂದು ಹೇಳಿ ಕಳಿಸಿದ್ದಾರೆ ಆರ್ಡಿಸ್.

ಹಾಗಾದರೆ ನಿಮಗೆ ಏನು ಆಸೆ ಎಂದು ನಾನು ಕೇಳುತ್ತೇನೆ. ಆರ್ಡಿಸ್ ಕೋಣೆಯ ಮೂಲೆಗೆ ಹೋಗಿ, ಹಳೆಯ ಹಾಸಿಗೆ ಬಟ್ಟೆ ಹೊದಿಸಿಟ್ಟ ಇನ್ನೊಂದು ಚೌಕಟ್ಟಿನ ಮುಸುಕು ತೆಗೆಯುತ್ತಾರೆ. ಒಕ್ಕೂಟದ ನೂರನೇ ವರ್ಷದ ವೇಳಾಪಟ್ಟಿ, ಈಗಲೇ ಸಿದ್ಧ. ದಾರದ ಮೇಲೆ ದಾರ ಎಣಿಸಿ ನೋಡುತ್ತೇನೆ, ವಾರಕ್ಕೆ ಎಂಟೆಂಟು ಕ್ಲಿಪ್ಪು. ಆರಕ್ಕೆ ಬಣ್ಣವಿದೆ. ಎರಡು ಬರೀ ಮರ.

“ಇವೆರಡು ಯಾವ ಕಾಲೇಜು, ಆರ್ಡಿಸ್?”

“ಗೊತ್ತಿಲ್ಲ, ಪ್ರೊಫೆಸರೇ. ಬಂದ ಮೇಲೆ ಅವರಿಗೆ ಯಾವ ಬಣ್ಣ ಬೇಕೋ ಕೇಳಿ ಬಳೀತೀನಿ.”