ಅಕ್ಕನ ‘ಹೂಂ’

ತೆಲುಗು ಸೀಮೆಯ ಗಾಜುವಾಕದ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ನೆಲಮಹಡಿಯ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದವರು ಕನ್ನಡದಲ್ಲಿ ಐದು ಕಾದಂಬರಿ ಬರೆದಿದ್ದಾರೆಂದು ನನಗೆ ತಿಳಿದದ್ದು ತಡವಾಗಿ. ಎಲ್ಲವೂ ಮರುಮುದ್ರಣ ಕಂಡಿದ್ದವು. ಹೊಸಪೇಟೆಯಿಂದ ತೆಲುಗು ಮನೆಗೆ ಸೊಸೆಯಾಗಿ ಬಂದವರು; ಮನೆಯಲ್ಲಿ ಬೇರೆ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ಬರೆದದ್ದನ್ನೆಲ್ಲ ಮಧ್ಯಾಹ್ನ ಫೋನಿನಲ್ಲಿ ಊರಿನ ಅಕ್ಕನಿಗೆ ಓದಿ ಹೇಳುತ್ತಿದ್ದರು. ಅಕ್ಕ ಹೂಂಗುಟ್ಟುತ್ತ ಕೇಳಬೇಕು. ಹೂಂ ನಿಂತ ಕಡೆ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು ಗೆರೆ ಎಳೆದುಬಿಡುತ್ತಿದ್ದರು.

“ಹೂಂ ನಿಂತ್ರ ತಗದುಬಿಡ್ಬೇಕು ನೋಡ್ರಿ” ಎನ್ನುತ್ತಿದ್ದರು, ಹೊಲಿಗೆ ಬಿಚ್ಚುವಷ್ಟೇ ಸಲೀಸಾಗಿ.

ವಿಜಯವಾಡದಲ್ಲಿ ಕನ್ನಡಿಗರು ಅವರಿಗೆ ಸನ್ಮಾನ ಮಾಡಿದಾಗ ನಾನೂ ಹೋಗಿದ್ದೆ. ಪ್ರಾಧ್ಯಾಪಕರೊಬ್ಬರು, “ತಾವು ಎಲ್ಲಿಯವರೆಗೆ ಓದಿದ್ದೀರಿ?” ಎಂದರು.

“ಏಳನೇ ಕ್ಲಾಸ್ ರೀ. ಮುಂದಿಂದು ಅಕ್ಕ ನೋಡ್ಕೊಂಡ್ಳು” ಎಂದು, ಹೊದಿಸಿದ ಶಾಲಿನ ಅಂಚಿನ ಹೊಲಿಗೆ ಮುಟ್ಟಿ ನೋಡುತ್ತ ಕೂತರು.

ಕಳೆದ ವರ್ಷ ಅಕ್ಕ ತೀರಿಕೊಂಡರು. ನಾಲ್ಕು ತಿಂಗಳು ಇವರು ಏನೂ ಬರೆಯಲಿಲ್ಲ. ಆಮೇಲೊಂದು ದಿನ ಹಾಳೆಗಳನ್ನು ಹಿಡಿದು ನಮ್ಮ ಮನೆಗೆ ಬಂದು ಓದತೊಡಗಿದರು. ದೊಡ್ಡ ಲೇಖಕಿ ಎಂಬ ಗೌರವಕ್ಕೆ ನಾನು ಪ್ರತಿ ಸಾಲಿಗೂ ಹೂಂ ಎಂದೆ. ಅವರು ಓದು ನಿಲ್ಲಿಸಿದರು.

“ನೀವು ಮರ್ಯಾದಿಗೆ ಹೂಂ ಅನ್ನಾಕತ್ತೀರಿ. ಬ್ಯಾಸರಾದ್ರ ಸುಮ್ನ ಇರ್ರಿ. ನನಗ ಅದ ಬೇಕಾಗೇತಿ.”

ಮತ್ತೆ ಓದಿದರು. ಎರಡನೆಯ ಪುಟದಲ್ಲಿ ಮದುವೆಮನೆಯ ವರ್ಣನೆ ಉದ್ದವಾಯಿತು. ನಾನು ಸುಮ್ಮನಾದೆ.

ಅವರು ಪೆನ್ಸಿಲ್ ತೆಗೆದು ಪುಟದುದ್ದ ಗೆರೆ ಎಳೆದರು. ಅಕ್ಕ ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.